ಎರಡು ಡಿಸ್ಕು, ಮೇಷ್ಟ್ರ ಹಲ್ಲು

ಡಾಕ್ಟರು ಹಲ್ಲು ಕೀಳ್ತಾರೆ, ನಾನು ಹಲ್ಲಿನ ಸೆಟ್ಟು ಕಟ್ಟಿಕೊಡ್ತೀನಿ. ತುತ್ತೂರಿ ಮೇಷ್ಟ್ರ ಮೇಲಿನ ಹಲ್ಲುಗಳನ್ನು ಕೀಳುವ ಮುಂಚೆ ಅವರ ಬಾಯಿ ಸ್ಕ್ಯಾನ್ ಮಾಡಿ ನನ್ನ ಕಂಪ್ಯೂಟರಿನಲ್ಲಿಟ್ಟಿದ್ದೆ. ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಚೂರು ಏರಿಕೊಂಡಿದ್ದವು. ಆ ಓರೆಗೇ ತುತ್ತೂರಿ ಊದುವ ಅವರ ತುಟಿ ನಲವತ್ತು ವರ್ಷದಿಂದ ಒಗ್ಗಿಹೋಗಿತ್ತು.

"ಚೆಂದ ಮಾಡೋಕೆ ಹೋಗ್ಬೇಡಮ್ಮ, ಇದ್ದ ಹಾಗೇ ಮಾಡು. ಇಲ್ಲಾಂದ್ರೆ ಗಾಳಿ ಬರುತ್ತೆ, ಸ್ವರ ಬರಲ್ಲ" ಅಂದಿದ್ದರು.

ವಸಡಿನ ಗಾಯ ಮಾಗಿತು. ಸೆಟ್ಟು ಶುರುಮಾಡೋಣ ಅಂತ ಒಂದು ಬೆಳಿಗ್ಗೆ ಆ ಸ್ಕ್ಯಾನಿನ ಫೈಲ್ ತೆರೆದರೆ ಹಲ್ಲು ಅಚ್ಚುಕಟ್ಟಾಗಿ ಕಂಡವು. ಅಚ್ಚು ಹೊಯ್ಯೋಕೆ ಗಾರೆ ಕಲಸಿಟ್ಟು ಬಂದು ಮತ್ತೆ ತೆರೆದೆ. ಮುಂದಿನ ಹಲ್ಲಿದ್ದ ಜಾಗದಲ್ಲಿ ಬರೀ ಮುಳ್ಳಿನಂಥ ಚೂಪು ಗೆರೆಗಳು! ಮೈದುನನನ್ನು ಕೂಗಿದೆ. ಈ ಕಂಪ್ಯೂಟರ್ ಜೋಡಿಸಿಕೊಟ್ಟ ಮಹಾನುಭಾವ ಅವನೇ. ಅವನು ತೆರೆದ, ಹಲ್ಲು ಸರಿಯಾಗಿಯೇ ಇದ್ದವು.

"ಅತ್ತಿಗೆ, ಕನ್ನಡಕ ಬದಲಾಯಿಸಿ" ಅಂತ ಮುಚ್ಚಿಬಿಟ್ಟ.

ನಾನು ತೆರೆದೆ. ಮುಳ್ಳು.

"ಈಗ ಯಾರ ಕನ್ನಡಕ ಬದಲಾಯಿಸೋಣ?"

"ಭಯ ಯಾಕೆ? ಒಳಗೆ ಎರಡು ಡಿಸ್ಕ್ ಇದೆ. ಇದರಲ್ಲಿ ಬರೆದದ್ದೆಲ್ಲ ಅದರಲ್ಲೂ ಇರುತ್ತೆ. ಒಂದು ಕೈಕೊಟ್ರೆ ಇನ್ನೊಂದು." ವರ್ಷದಿಂದ ಇದೇ ಪಾಠ ಒಪ್ಪಿಸಿ ನನ್ನ ತಲೆ ತಿಂದಿದ್ದಾನೆ.

ಡಿಸ್ಕ್ ರಿಪೇರಿ ಮಾಡುವ ಹೆಂಗಸಿಗೆ ಫೋನ್ ಹಚ್ಚಿದೆ.

"ಒಂದು ಡಿಸ್ಕಿನಲ್ಲಿ ಫೈಲ್ ಸದ್ದಿಲ್ಲದೆ ಕೆಟ್ಟಿದೆ ಕಣ್ರೀ. ಮಷೀನು ಒಮ್ಮೆ ಇದರಿಂದ ಓದುತ್ತೆ, ಒಮ್ಮೆ ಅದರಿಂದ. ಎರಡೂ ಒಂದೇ ಥರ ಇರ್ಬೇಕು ಅನ್ನೋದಷ್ಟೇ ಅದಕ್ಕೆ ಗೊತ್ತು, ಯಾವುದು ಸರಿ ಅಂತ ಗೊತ್ತಿಲ್ಲ. ತಿಂಗಳಿಗೊಮ್ಮೆ ತಪಾಸಣೆ ಮಾಡಲಾ ಅಂತ ಕೇಳ್ತಿರಲಿಲ್ವಾ?"

ಕೇಳ್ತಿತ್ತು. ಮಷೀನು ನಿಧಾನ ಆಗುತ್ತೆ ಅಂತ ಪ್ರತಿ ಸಲ 'ಆಮೇಲೆ' ಒತ್ತಿದವಳು ನಾನೇ. ಅದನ್ನು ಮೈದುನನ ಎದುರು ಹೇಳೋಕಾಗುತ್ತಾ? ಕೆಮ್ಮಿದೆ.

"ಬೇರೆ ಕಡೆ ಕಾಪಿ ಇಟ್ಟಿದ್ದೀರಾ?"

"ಎರಡು ಡಿಸ್ಕ್ ಇದೆಯಲ್ಲ ಅಂತ..."

"ಅಯ್ಯೋ! ಸರಿ, ಏನೂ ಒತ್ತಬೇಡಿ. ಮಷೀನು ಆರಿಸಿ ಎರಡನ್ನೂ ತನ್ನಿ. ಒಂದರಲ್ಲಿ ಖಂಡಿತ ಸರಿ ಇದೆ."

ಉಸಿರು ಬಂತು. ತಿರುಗಿ ನೋಡಿದರೆ ಮೈದುನ ಕೈ ಒರೆಸಿಕೊಳ್ಳುತ್ತಿದ್ದ.

"ಆಯ್ತು ಅತ್ತಿಗೆ! ಎರಡೂ ಹೊಂದ್ತಿಲ್ಲ, ಸರಿಮಾಡಲಾ ಅಂತ ಕೇಳ್ತು. ಹೂಂ ಅಂದೆ."

ತೆರೆದೆ. ಮುಳ್ಳು. ಹತ್ತು ಸಲ ತೆರೆದೆ, ಹತ್ತು ಸಲವೂ ಮುಳ್ಳು. ಕೆಟ್ಟದ್ದನ್ನೇ ಒಳ್ಳೆಯದರ ಮೇಲೆ ಬರೆದು ಎರಡನ್ನೂ ಹೊಂದಿಸಿಬಿಟ್ಟಿತ್ತು.

"ಈಗ ಎರಡೂ ಒಂದೇ ಥರ ಇದೆಯಲ್ಲ..." ಅಂದವನು ನನ್ನ ಮುಖ ನೋಡಿ ಬಾಗಿಲ ಕಡೆ ಸರಿದ.

ಸಂಜೆ ಮೇಷ್ಟ್ರು ಬಂದರು. ಮೈದುನನನ್ನೂ ಕೂರಿಸಿಕೊಂಡು, ನಾನು 'ಆಮೇಲೆ' ಒತ್ತಿದ್ದನ್ನೂ ಬಿಡದೆ, ಎಲ್ಲ ಹೇಳಿದೆ. ಅವರು ಬೊಚ್ಚು ಬಾಯಿಯೊಳಗೆ ನಾಲಿಗೆ ಆಡಿಸಿ ನೋಡಿಕೊಂಡರು.

"ಆ ಓರೆ ನನ್ನ ನಾಲಿಗೆಗೆ ನೆನಪಿದೆ. ಮೇಣದಲ್ಲಿ ಮಾಡು, ಹೇಳ್ತಾ ಹೋಗ್ತೀನಿ."

ಮೇಣದ ಮೇಲೆ ಹಲ್ಲು ಕೂರಿಸಿ ಬಾಯಿಗಿಟ್ಟೆ. ನಾಲಿಗೆ ಆಡಿಸಿದರು. "ಎಡಗಡೆದು ಇನ್ನೂ ಮುಂದೆ." ತೆಗೆದೆ, ದೀಪಕ್ಕೆ ಹಿಡಿದು ಮೇಣ ಬಿಸಿ ಮಾಡಿದೆ, ತಳ್ಳಿದೆ. "ಜಾಸ್ತಿ ಆಯ್ತು." ಮತ್ತೆ ತೆಗೆದೆ. ಒಂಬತ್ತನೇ ಸಲಕ್ಕೆ ತುತ್ತೂರಿಯ ಊದುವ ಬಾಯಿಯನ್ನಷ್ಟೇ ಕಳಚಿ ತುಟಿಗಿಟ್ಟು ಮೆಲ್ಲಗೆ ಊದಿದರು. ಪುಸ್ಸೆಂದಿತು.

"ಹತ್ರ ಬಂದಿದೀಯ. ಮಾಡು ಮಾಡು" ಅಂದರು. ನಾನು ಮತ್ತೆ ದೀಪ ಹಚ್ಚಿದೆ.