ಒಂದೇ ಹಾಸಿಗೆ, ಎರಡು ಫಿರಂಗಿ

ಶಾಸನ ಸಭೆ ನಮ್ಮ ವಾಟರ್‌ಟೌನಿಗೆ ಬಂದ ಚಳಿಗಾಲದಲ್ಲಿ ಊರಿನ ಒಂದು ಹಾಸಿಗೆಯೂ ಖಾಲಿ ಇರಲಿಲ್ಲ. ಬಾಸ್ಟನ್ನಿನಲ್ಲಿ ಕಡಲಾಚೆಯ ದೊರೆಯ ಸೈನ್ಯ ಕೂತಿತ್ತು. ಹಾಗಾಗಿ ದೊರೆಯ ಮೇಲೆ ತಿರುಗಿಬಿದ್ದವರ ಸಭೆ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಸೇರುತ್ತಿತ್ತು, ಸದಸ್ಯರು ಸಿಕ್ಕಸಿಕ್ಕ ಮನೆಗಳಲ್ಲಿ ಉಳಿಯುತ್ತಿದ್ದರು. ಗಂಡ ತೀರಿಹೋದ ಮೇಲೆ ನನ್ನ ಮನೆಯಲ್ಲಿ ಒಂದು ದೊಡ್ಡ ಮಂಚ ಬಿಡುವಾಗಿತ್ತು. ಅದಕ್ಕೆ ಇಬ್ಬರು ಮುದುಕರನ್ನು ಕಳಿಸಿದರು. ಕಳಿಸಿದವರಿಗೆ ಕರಾವಳಿಯ ಸುದ್ದಿ ಏನೂ ಗೊತ್ತಿರಲಿಲ್ಲವೇನೋ. ಗೊತ್ತಿದ್ದರೆ ಸೀಲ್‌ಕೋವಿನ ಅಸಾಫ್ ಡೋನನ್ನೂ ಗ್ರೇಪಾಯಿಂಟಿನ ಜಾಬೆಜ್ ನೋಲ್ಸನ್ನೂ ಒಂದೇ ಕಂಬಳಿಯ ಕೆಳಗೆ ಮಲಗಿಸುತ್ತಿರಲಿಲ್ಲ.

ಆ ಎರಡೂ ಊರು ಒಂದೇ ಕೊಲ್ಲಿಯ ಎರಡು ದಡಗಳು. ಮೀನು ಒಣಹಾಕುವ ಜಾಗಕ್ಕೆ, ತೇಲಿಬಂದ ಮರದ ತುಂಡಿಗೆ, ಎಲ್ಲಕ್ಕೂ ಅಜ್ಜಂದಿರ ಕಾಲದಿಂದ ಜಗಳ. ಅಸಾಫ್ ಹಡಗುಗಳಿಗೆ ದಾರಿ ತೋರಿಸುತ್ತಿದ್ದವನು, ಕಡ್ಡಿಯಂಥ ಮನುಷ್ಯ, ಮಾತು ಕಮ್ಮಿ. ಜಾಬೆಜ್ ದೋಣಿ ಕಟ್ಟುವವನು, ಪೀಪಾಯಿಯಂಥ ಮೈ, ಮಲಗಿದರೆ ತೊಲೆ ನಡುಗುವಂಥ ಗೊರಕೆ.

ಹಿಂದಿನ ಶರತ್ಕಾಲದಲ್ಲಿ ದೊರೆಯ ಹಡಗುಗಳು ಫಾಲ್ಮತ್ ಪಟ್ಟಣವನ್ನು ಸುಟ್ಟುಹಾಕಿದ್ದವು. ಅಂದಿನಿಂದ ಕಡಲ ದಂಡೆಯ ಪ್ರತಿ ಊರೂ ಸಭೆಯ ಬಾಗಿಲಿಗೆ ಬಂದು ಫಿರಂಗಿ ಕೊಡಿ ಅನ್ನುತ್ತಿತ್ತು. ದಂಡೆ ಉದ್ದ, ಫಿರಂಗಿ ಬೆರಳೆಣಿಕೆ. ಹಂಚಿ ಹಂಚಿ ಕೊನೆಗೆ ಆ ಕೊಲ್ಲಿಗೆ ಎರಡು ಉಳಿದವು. ಬೇರೆ ಮಾಡಿದರೆ ಎರಡೂ ದಂಡ, ಒಟ್ಟಿಗೇ ಒಂದು ಕಡೆ ಇಡಬೇಕು ಎಂದು ಸಮಿತಿ ಹೇಳಿತು. ಯಾವ ದಡ ಎಂಬುದು ಮಾತ್ರ ತೀರ್ಮಾನವಾಗಬೇಕಿತ್ತು.

ಆ ಬೆಳಿಗ್ಗೆ ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಜಾಬೆಜ್ ನನ್ನ ಹಲಗೆಯ ಮೇಲಿದ್ದ ಹಿಟ್ಟಿನಲ್ಲಿ ಬೆರಳಾಡಿಸಿ ಕೊಲ್ಲಿಯನ್ನು ಬರೆದೇಬಿಟ್ಟ. ನೆನೆಹಾಕಿದ್ದ ಬಿಳಿ ಕಾಳಿನಿಂದ ಎರಡನ್ನು ತೆಗೆದು ಕಡಲಿಗೆ ಚಾಚಿದ ತನ್ನ ಊರಿನ ಮೂತಿಯ ಮೇಲಿಟ್ಟ.

"ನೋಡು ಹೆಪ್ಸಕ್ಕ, ದೊಡ್ಡ ಹಡಗು ಬರೋ ಆಳದ ನೀರು ನಮ್ಮ ಮೂತಿ ಒತ್ಕೊಂಡೇ ಹೋಗುತ್ತೆ. ಫಿರಂಗಿ ಇಲ್ಲಿಟ್ರೆ ಕೊಲ್ಲಿ ಬಾಗಿಲಿಗೆ ಅಗುಳಿ ಹಾಕಿದ ಹಾಗೆ. ಎರಡೂ ಊರು ಉಳಿಯುತ್ತೆ."

"ಬಾಗಿಲಿಗೆ ಅಗುಳಿ ಹಾಕಿದ್ರೆ ಕಳ್ಳ ಕಿಟಕಿ ಹತ್ತುತಾನೆ ಕಣೋ." ಅಸಾಫ್ ನಿನ್ನೆಯ ರೊಟ್ಟಿಯ ಒಂದು ಚೂರು ಮುರಿದು ಎದುರು ದಡದಲ್ಲಿ ಇಟ್ಟ. "ಸಣ್ಣ ದೋಣಿಲಿ ಹಿಂದ್ಗಡೆಯಿಂದ ನಮ್ಮ ಮರಳಿಗೆ ಬಂದು ಇಳೀತಾರೆ. ಇಳಿದ ತಕ್ಷಣ ಸಿಗೋ ಮನೆ ಇದು. ನಂದು."

"ಇಳಿದ್ರೆ ಕಾಡಿಗೆ ಓಡ್ಬೇಕಪ್ಪ. ಎಲ್ಲಾರೂ ಓಡ್ತಾರೆ."

"ನನ್ನ ಕೆಜಾಯ ಓಡ್ತಾಳಾ?"

ಕೆಜಾಯ ಅಸಾಫನ ಹೆಂಡತಿ. ಮೀನು ಒಣಹಾಕುವ ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡವಳು. ಹಾಸಿಗೆಯಿಂದ ಕಿಟಕಿಯ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ, ಅದೂ ಗಂಡನ ಬೆನ್ನ ಮೇಲೆ. ಅವನು ಇಲ್ಲಿರುವಾಗ ತಂಗಿಯೊಬ್ಬಳು ಬಂದು ನೋಡಿಕೊಳ್ಳುತ್ತಿದ್ದಳು.

"ಒಳನಾಡಿಗೆ ಕಳಿಸಬಾರದಾ?" ಅಂದೆ.

"ಕೇಳಿದೆ ತಾಯಿ. ನೀರು ಕಾಣದ ಕಡೆ ಮಲಗಿಸಿದ್ರೆ ಮಾರನೇ ದಿನಾನೇ ಹೆಣದ ಪೆಟ್ಟಿಗೆ ತರ್ಸು ಅಂದ್ಳು. ಫಿರಂಗಿ ತಂದೇ ತರ್ತೀನಿ, ನೀನು ಕಿಟಕಿ ಬಿಟ್ಟು ಏಳ್ಬೇಡ ಅಂತ ಮಾತು ಕೊಟ್ಟು ಬಂದಿದ್ದೀನಿ. ಊರಿನೋರೂ ಅಷ್ಟೆ, ಬರಿಗೈಲಿ ಬಂದ್ರೆ ಮುಖ ತೋರಿಸ್ಬೇಡ ಅಂದವ್ರೆ."

"ನಂಗೆ ಮಾತ್ರ ಹೂವಿನ ಹಾರ ಹಾಕಿ ಕಳ್ಸಿದ್ರಾ?" ಎಂದು ಗೊಣಗಿ ಜಾಬೆಜ್ ನನ್ನ ಎಲೆಯ ಕಷಾಯವನ್ನು ಕುಡಿದು ಮುಖ ಕಿವಿಚಿದ. ದೊರೆಯ ಸುಂಕದ ಚಹಾ ಬಿಟ್ಟ ಮೇಲೆ ಹಣ್ಣಿನ ಗಿಡದ ಎಲೆಯನ್ನೇ ಕುದಿಸಿ ಕುಡಿಯುತ್ತಿದ್ದೆವು. ಸ್ವಾತಂತ್ರ್ಯದ ರುಚಿ ಹಾಗೇ ಇರುತ್ತದೆ, ನುಂಗಬೇಕು, ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ.

ಅಸಾಫನ ಕಣ್ಣು ಕೆಂಪಾಗಿತ್ತು. "ನಿದ್ದೆ ಮಾಡಿಲ್ವಾ?" ಎಂದು ಕೇಳಿದೆ.

"ಎಲ್ಲಿಂದ ಮಾಡ್ಲಿ? ಇವನ ಬಾಯಲ್ಲಿ ಆಗ್ಲೇ ಎರಡು ಫಿರಂಗಿ ಇದಾವೆ. ಗ್ರೇಪಾಯಿಂಟಿಗೆ ಬೇರೆ ಬೇಕಾ?"

ಊಟವಾದ ಮೇಲೆ ಮತ ಹಾಕುವುದು ಎಂದಾಯಿತು. ಮಂದಿರದಲ್ಲಿ ಒಲೆ ಇಲ್ಲ. ಕಾಲು ಬೆಚ್ಚಗಿಡುವ ಕೆಂಡದ ಪೆಟ್ಟಿಗೆ ಒಯ್ದುಕೊಡುವ ನೆಪದಲ್ಲಿ ನಾನೂ ಹೋದೆ. ಅಸಾಫ್ ಕೂರುತ್ತಿದ್ದದ್ದು ನಮ್ಮ ಮನೆಯವರು ಪ್ರಾರ್ಥನೆಗೆ ಕೂರುವ ಪೀಠದಲ್ಲೇ, ಜಾಬೆಜ್ ಅವನ ಪಕ್ಕದಲ್ಲಿ. ಪೆಟ್ಟಿಗೆ ಇಟ್ಟು ನಾನು ಮೇಲಿನ ಹೆಂಗಸರ ಅಟ್ಟ ಹತ್ತಿದೆ.

ನಮ್ಮ ಕಡೆಯ ಮಂದಿರಗಳಲ್ಲಿ ಕೂರುವ ಹಲಗೆಗೆ ಕೀಲು ಇರುತ್ತದೆ. ಪ್ರಾರ್ಥನೆಗೆ ನಾವು ಮಂಡಿಯೂರುವುದಿಲ್ಲ, ಎದ್ದು ನಿಲ್ಲುತ್ತೇವೆ. ಏಳುವಾಗ ಹಲಗೆಯನ್ನು ಹಿಂದಕ್ಕೆ ಎತ್ತಿದರೆ ಬೆನ್ನು ಒರಗಿಸಲು ಜಾಗವಾಗುತ್ತದೆ. ಒಮ್ಮೆಗೇ ಎಲ್ಲ ಹಲಗೆಗಳೂ ಎದ್ದಾಗ ಆಗುವ ಸದ್ದು ಹಾಲು ಕುಡಿಯುವ ವಯಸ್ಸಿನಿಂದಲೇ ನಮ್ಮ ಕಿವಿಯಲ್ಲಿ ಕೂತಿರುತ್ತದೆ. ಆ ಸದ್ದಿಗೆ ಕಾಲು ತಾನೇ ಏಳುತ್ತದೆ, ತಲೆಯನ್ನು ಕೇಳುವುದಿಲ್ಲ.

ಮಾತು ಉದ್ದವಾಯಿತು. ಒಳನಾಡಿನ ವಕೀಲನೊಬ್ಬ ಕಡಲನ್ನೇ ಕಾಣದವನು ಕಡಲಿನ ಬಗ್ಗೆ ಬಹಳ ಮಾತಾಡಿದ. ಕಾಲಡಿ ಕೆಂಡದ ಬಿಸಿ, ರಾತ್ರಿಯೆಲ್ಲ ಗೊರಕೆ. ಅಸಾಫನ ಗಲ್ಲ ಎದೆಗೆ ಇಳಿಯುವುದನ್ನು ನಾನು ಮೇಲಿನಿಂದ ನೋಡುತ್ತಲೇ ಇದ್ದೆ. ಕೂಗಿ ಎಬ್ಬಿಸಲು ಹೆಂಗಸಿಗೆ ಅಲ್ಲಿ ಬಾಯಿಲ್ಲ.

"ಗ್ರೇಪಾಯಿಂಟ್ ಅನ್ನುವವರು ಎದ್ದು ನಿಲ್ಲಿ," ಎಂದರು ಸಭಾಧ್ಯಕ್ಷರು.

ಕೆಲವರು ಎದ್ದರು. ಅಭ್ಯಾಸಬಲದಿಂದ ಹಲಗೆಗಳನ್ನೂ ಎತ್ತಿದರು. ದಡ, ದಡ, ದಡ. ಅಸಾಫ್ ಎದ್ದ! ತನ್ನ ಹಲಗೆ ಎತ್ತಿದ, ಟೋಪಿ ತೆಗೆದು ಎದೆಗೆ ಒತ್ತಿಕೊಂಡ, ಕಣ್ಣು ಮುಚ್ಚಿ ತಲೆ ಬಗ್ಗಿಸಿ ನಿಂತ.

ಸಭೆಯೆಲ್ಲ ಗುಜುಗುಜು. ಸೀಲ್‌ಕೋವಿನವನೇ ಗ್ರೇಪಾಯಿಂಟಿಗೆ ನಿಂತ ಮೇಲೆ ನಮ್ಮದೇನು ಎಂದು ಎರಡು ಮನಸ್ಸಿನವರೂ ಒಬ್ಬೊಬ್ಬರಾಗಿ ಎದ್ದರು. ಇನ್ನೂ ಎಣಿಕೆ ಆಗಿರಲಿಲ್ಲ. ಜಾಬೆಜ್ ಸುಮ್ಮನಿದ್ದಿದ್ದರೆ ಸಾಕಿತ್ತು, ಫಿರಂಗಿ ಅವನ ಊರಿನದು. ಅವನ ಕುತ್ತಿಗೆ ಕೆಂಪಗಾದದ್ದು ನನಗೆ ಅಟ್ಟದಿಂದಲೂ ಕಾಣಿಸಿತು. ಅವನು ಅಸಾಫನ ಅಂಗಿ ಹಿಡಿದು ಜಗ್ಗಿದ.

"ಕೂತ್ಕೊಳೋ ಮಾರಾಯ! ಪ್ರಾರ್ಥನೆ ಅಲ್ಲ, ಮತ! ನನ್ನ ಕಡೆ ನಿಂತಿದ್ದೀಯ!"

ಅಸಾಫ್ ಕಣ್ಣು ಬಿಟ್ಟ. ನಿಂತವರನ್ನು ನೋಡಿದ, ಜಾಬೆಜನನ್ನು ನೋಡಿದ. ಜನ ನಗತೊಡಗಿದರು. ಸಭಾಧ್ಯಕ್ಷರು ಕೈಯೆತ್ತಿ, "ಸೀಲ್‌ಕೋವಿನ ಸದಸ್ಯರೇ, ತಪ್ಪಿ ಎದ್ದಿದ್ದರೆ ಕೂತ್ಕೊಳ್ಳಿ. ಯಾರೂ ಏನೂ ಅನ್ನಲ್ಲ," ಎಂದರು.

ಅವನು ಹಲಗೆಯ ಮೇಲೆ ಕೈಯಿಟ್ಟ. ಇಳಿಸುತ್ತಾನೆ ಅಂದುಕೊಂಡೆ. ಇಳಿಸಲಿಲ್ಲ.

"ಎದ್ದದ್ದು ನಿದ್ದೆಗಣ್ಣಲ್ಲಿ," ಎಂದ ನಿಧಾನವಾಗಿ. "ಈಗ ಎಚ್ಚರ ಇದೆ. ಆ ಮೂತಿ ಪಕ್ಕ ಎಷ್ಟು ಹಡಗು ನಡೆಸಿದ್ದೀನಿ. ಫಿರಂಗಿ ಇರಬೇಕಾದ್ದು ಅಲ್ಲೇ ಅಂತ ಮೊದಲಿಂದ್ಲೂ ಗೊತ್ತಿತ್ತು. ಅದರ ಹಿಂದೆ ನಿಲ್ಲೋ ಜನ ಎಂಥವರು ಅಂತ ಗೊತ್ತಿರ್ಲಿಲ್ಲ, ಈಗ ಗೊತ್ತಾಯ್ತು. ಎಣಿಸ್ಕೊಳ್ಳಿ."

ಫಿರಂಗಿ ಗ್ರೇಪಾಯಿಂಟಿಗೆ ಎಂದಾಯಿತು. ಸಂಜೆ ಅಸಾಫ್ ಉಣ್ಣಲಿಲ್ಲ. ಒಲೆಯ ಮುಂದೆ ಕೂತು ಟೋಪಿಯನ್ನು ತಿರುಗಿಸುತ್ತಲೇ ಇದ್ದ.

"ಅವಳಿಗೆ ಏನಂತ ಹೇಳ್ಲಿ ಹೆಪ್ಸಕ್ಕ? ಫಿರಂಗಿ ಕೊಟ್ಟು ಬಂದೆ ಕಣೇ ಅಂತ್ಲಾ?"

ನಾನು ಹಿಟ್ಟಿನ ಹಲಗೆ ತಂದು ಅವನ ಮುಂದೆ ಇಟ್ಟೆ. ರೊಟ್ಟಿ ಬೇಯಿಸುವ ಗಡಿಬಿಡಿಯಲ್ಲಿ ಅದನ್ನು ಒರೆಸಿರಲಿಲ್ಲ, ಅರ್ಧ ಕೊಲ್ಲಿಯೂ ಎರಡು ಕಾಳೂ ಇನ್ನೂ ಹಾಗೇ ಇದ್ದವು. "ಕಾಳನ್ನ ಮನೆ ಹತ್ರ ತರೋಕೆ ಆಗಲ್ಲ ಅಂದ್ರೆ ಮನೆಯೋಳನ್ನ ಕಾಳಿನ ಹತ್ರ ಒಯ್ಯಿ. ಅವಳು ಕೇಳಿದ್ದು ನೀರು ಕಾಣಬೇಕು ಅಂತ ತಾನೆ? ಜಾಬೆಜಣ್ಣ, ನಿಮ್ಮನೆ ಎಲ್ಲಿದೆ?"

ಜಾಬೆಜ್ ಕಾಳಿನ ಹಿಂದೆ ಬೆರಳಿಟ್ಟ. "ಇಲ್ಲಿ. ಗುಡ್ಡದ ಮೇಲೆ. ಅಡುಗೆಮನೆ ಕಿಟಕೀಲಿ ಪೂರಾ ಕೊಲ್ಲಿ ಕಾಣುತ್ತೆ. ಇವರ ಚಿಮಣಿನೂ ಕಾಣುತ್ತೆ." ಬೆರಳು ತೆಗೆದು ಅಸಾಫನ ಕಡೆ ತಿರುಗಿದ. "ನಾನೇ ಹೋಗಿ ಕರೀತೀನಿ."

"ಬೈತಾಳೆ," ಎಂದ ಅಸಾಫ್. "ನಿಮ್ಮೂರಿನೋರಿಗೆ ಮೀನು ಸಾರು ಮಾಡೋಕೆ ಬರಲ್ಲ ಅಂತಾಳೆ."

"ಬೈಲಿ ಬಿಡು. ಬರೋಲ್ಲ, ನಿಜಾನೇ."

ಹಿಮ ಕರಗಿ ಸಭೆ ಮತ್ತೆ ಸೇರಿದಾಗ ಜಾಬೆಜ್ ಒಬ್ಬನೇ ಬಂದ. ಸೀಲ್‌ಕೋವಿನವರು ಅಸಾಫನ ಬದಲು ಬೇರೆಯವನನ್ನು ಆರಿಸಿದ್ದರು. ಆ ಹೊಸಬನಿಗೆ ಬೇರೆ ಮನೆ ಸಿಕ್ಕಿತ್ತು.

"ಕೆಜಾಯ?" ಎಂದು ಕೇಳಿದೆ, ಅವನು ಬೂಟು ಬಿಚ್ಚುವ ಮೊದಲೇ.

"ಇಬ್ರು ಹಿಡಿದು ಮೀನು ಹೊರೋ ಹಲಗೆ ಮೇಲೆ ಕುರ್ಚಿ ಕಟ್ಟಿ ಹೊತ್ಕೊಂಡು ಹೋದ್ವಿ. ಮುಂದೆ ಅವನು, ಹಿಂದೆ ನಾನು. ದಾರಿಯುದ್ದಕ್ಕೂ ಬೈದಳು, ಕಾಡ್ ಮೀನನ್ನಾದ್ರೂ ಇದಕ್ಕಿಂತ ನೆಟ್ಟಗೆ ಹೊರ್ತೀರಿ ಅಂತ. ಈಗ ನಮ್ಮ ಅಡುಗೆಮನೆ ಕಿಟಕೀಲಿ ಕೂತು ಫಿರಂಗಿ ಹುಡುಗರಿಗೆ ಹುಕುಂ ಮಾಡ್ತಾಳೆ. ನನ್ನ ಹೆಂಡ್ತಿಗೆ ಸಾರು ಮಾಡೋದು ಕಲಿಸ್ತಿದಾಳೆ. ಅಸಾಫನೂ ಅಲ್ಲೇ, ನಮ್ಮ ಮಾಳಿಗೇಲಿ."

"ಹಡಗು ಬಂತಾ?"

"ಒಂದು ಬಂತು. ಮೂತಿ ನೋಡ್ತು, ತಿರುಗಿ ಹೋಯ್ತು." ಅಷ್ಟು ಹೇಳಿ ಅವನು ಮಂಚದ ಕಡೆ ನೋಡಿದ. "ಈ ಸಲ ಪೂರಾ ಹಾಸಿಗೆ ನಂದೇ ಅನ್ನು."

"ನಿಂದೇ ಅಣ್ಣ. ಹರಡ್ಕೊಂಡು ಮಲಗು."

ಬೆಳಿಗ್ಗೆ ಹಾಸಿಗೆ ಸರಿಮಾಡಲು ಹೋದೆ. ಗೋಡೆಯ ಕಡೆಯ ಅರ್ಧ, ಅಸಾಫ್ ಮಲಗುತ್ತಿದ್ದ ಕಡೆ, ನಾನು ಹಾಸಿದ ಹಾಗೇ ಇತ್ತು. ದಿಂಬು ಸಹ ತಗ್ಗಿರಲಿಲ್ಲ. ಆ ಕಡೆಯ ಕಂಬಳಿಯನ್ನು ನಾನು ಮುಟ್ಟದೆ ಬಿಟ್ಟೆ.