ಕುರಿ ಯಾವಾಗ ಕೊಬ್ಬು ತಿಂದಿತ್ತು?

ರಾಯಕೋಟೆಯ ಮಟನ್ ಅಂಗಡಿ ಮುನಿಯಲ್ಲಪ್ಪನಿಗೆ ಲಿವರ್ ಬಗ್ಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಮೂವತ್ತು ವರ್ಷ ಕುರಿ ಕೊಯ್ದ ಕೈ. ಆದರೆ ತಂಗಿ ಕೊಂಡಮ್ಮನ ಲಿವರ್ ಪೂರಾ ಕೆಟ್ಟು, ತನ್ನದರಲ್ಲೇ ಒಂದು ತುಂಡು ಕೊಡುತ್ತೇನೆಂದು ಹೋದಾಗ ಡಾಕ್ಟರ್ ಚಂದ್ರಲೇಖಾ ತಡೆದರು. ಪರೀಕ್ಷೆಗೆಂದು ಸೂಜಿಯಲ್ಲಿ ತೆಗೆದ ಅವನ ಲಿವರಿನ ಚೂರನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದರು. ಜೀವಕೋಶಗಳ ಒಳಗೆಲ್ಲ ಬಿಳಿ ಗುಂಡು ಹನಿಗಳು.

“ಇವೆಲ್ಲ ಕೊಬ್ಬಿನ ಹನಿಗಳು.”

“ಕಿತ್ತಾಕ್ಬುಡಿ ಮೇಡಂ!”

“ಅಯ್ಯೋ, ಅದು ಕೋಶದ ಕಣಜ. ಕೊಬ್ಬು ಕಂಡಕಂಡಲ್ಲಿ ಹರಿದು ಕೇಡು ಮಾಡದ ಹಾಗೆ ಕಟ್ಟಿಡುತ್ತೆ. ನಿಮ್ಮ ಕಣಜ ತುಂಬಿ ತುಳುಕ್ತಿದೆ, ಇಂಥ ಲಿವರ್ ಕೊಡೋ ಹಾಗಿಲ್ಲ. ಮೂರು ತಿಂಗಳಲ್ಲಿ ಇಳಿಸಿ. ಅದಕ್ಕಿಂತ ಹೆಚ್ಚು ನಿಮ್ಮ ತಂಗಿ ಕಾಯೋಕಾಗಲ್ಲ.”

ಏನು ತಿನ್ನಬೇಕೆಂದು ಚೀಟಿಯನ್ನೂ ಬರೆದುಕೊಟ್ಟರು. ಕೊಬ್ಬು ಎಂದ ಮೇಲೆ ಓದುವುದೇನು ಬಂತು? ಮಡಚಿ ಜೇಬಿಗಿಟ್ಟ ಮಹಾರಾಯ.

ಮಟನ್ ಅಂಗಡಿಯವನೇ ಮಟನ್ ಬಿಟ್ಟನೆಂದು ಊರು ನಕ್ಕಿತು. ಹಸಿವಾದಾಗಲೆಲ್ಲ ಸಕ್ಕರೆ ಟೀ, ಬನ್ನು. ಊಟಕ್ಕೆ ಅನ್ನ ಎರಡು ಪಾಲು. ತಿಂಗಳ ಮೇಲೆ ಸ್ಕ್ಯಾನ್ ಮಾಡಿದರೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತುಬಿಟ್ಟ.

ಆ ಭಾನುವಾರ ಮುನಿಯಲ್ಲಪ್ಪ, ಕುರಿ ಸಾಕುವ ಶ್ಯಾಮಣ್ಣ ತಂದು ಮಾರಿದ ಕೊಬ್ಬಿದ ಕುರಿಯನ್ನು ಸೀಳಿದ. ಲಿವರ್ ಬಿಳಿಚಿಕೊಂಡಿತ್ತು, ಕತ್ತಿಗೆ ಜಿಡ್ಡು ಹತ್ತಿತು. ಇಂಥವು ನೂರಾರು ಕಂಡಿದ್ದ. ಯಾಕೆ ಹೀಗೆಂದು ಒಮ್ಮೆಯೂ ಕೇಳಿರಲಿಲ್ಲ.

“ಶ್ಯಾಮಣ್ಣ, ಇದಕ್ಕೇನ್ ಆಕ್ತಿದ್ದೆ?”

“ಜೋಳದಿಟ್ಟು, ಬೆಲ್ಲದ್ ನೀರು. ಕಟ್ಟಾಕಿದ್ ಜಾಗ ಬಿಟ್ಟು ಅಲ್ಲಾಡ್ತಿರ್ಲಿಲ್ಲ ಕಣಪ್ಪ.”

“ಮತ್ತೆ ಕೊಬ್ಬು ಯಾವಾಗ ತಿಂತು?”

“ಕುರಿ ಕೊಬ್ಬು ತಿಂತದೇನಯ್ಯಾ? ತಲೆ ಕೆಟ್ಟದಾ ನಿಂಗೆ?”

ಮುನಿಯಲ್ಲಪ್ಪ ಪಕ್ಕದಲ್ಲಿದ್ದ ಬನ್ನು ನೋಡಿದ, ಟೀ ಲೋಟ ನೋಡಿದ. ಕೈ ತೊಳೆದು ಚೀಟಿ ಬಿಡಿಸಿದ. ಮೊದಲ ಸಾಲೇ: ಸಕ್ಕರೆ ಬೇಡ, ಮೈದಾ ಬೇಡ, ಅನ್ನ ಕಡಿಮೆ, ದಿನಾ ಒಂದು ಗಂಟೆ ನಡೆಯಿರಿ. ಅವನಿಗೆ ತನ್ನ ಮೇಲೆಯೇ ಕೆಟ್ಟ ಕೋಪ ಬಂತು.

ಅಂದಿನಿಂದ ಸಕ್ಕರೆ, ಬನ್ನು ಬಿಟ್ಟ; ಬೆಳಗಾದರೆ ಕೋಟೆ ಬೆಟ್ಟ ಹತ್ತುತ್ತಿದ್ದ. ಉಳಿದಿದ್ದು ಎರಡೇ ತಿಂಗಳು. ಕೊನೆಯ ಸ್ಕ್ಯಾನ್ ನೋಡಿ ಡಾಕ್ಟರು ನಕ್ಕರು: “ಇನ್ನು ಕೊಡಬಹುದು.”

ಆಪರೇಷನ್ನಿನ ಹಿಂದಿನ ದಿನ, ಅಣ್ಣನಿಂದ ಕುರಿಯ ಕತೆ ಕೇಳಿದ್ದ ಕೊಂಡಮ್ಮ ಅವನ ಕೈ ಹಿಡಿದು ಕೇಳಿದಳು, “ಅಣ್ಣಯ್ಯ, ನಂಗೆ ಕೊಡ್ತಿರೋದು ಕಟ್ಟಾಕಿದ್ ಕುರೀದಾ, ಬೆಟ್ಟದಾಗ್ ಮೇದಿದ್ದಾ?”

“ಮೇದಿದ್ದೇ ಕಣಮ್ಮ,” ಎಂದ ಮುನಿಯಲ್ಲಪ್ಪ. “ನಿಂಗೋಸ್ಕರನೇ ಮೇದಿದ್ದು.”