ನಲವತ್ತು ಒಣ ಇಟ್ಟಿಗೆ

ಕೃಷ್ಣರಾಜನಗರ ಅನ್ನೋ ಊರು ಇನ್ನೂ ಹುಟ್ಟಿರಲಿಲ್ಲ ಕಣ್ರವ್ವ, ನಾವೆಲ್ಲ ಎಡತೊರೆ ಕಡೆಯೋರು. ಅರಸೀಕೆರೆಗೆ ರೈಲುದಾರಿ ಹಾಕ್ತಿದ್ರು. ನಮ್ಮೂರ ಹಳ್ಳಕ್ಕೆ ಇಟ್ಟಿಗೆ ಕಮಾನಿನ ಸೇತುವೆ ಬೇಕಾಗಿತ್ತು. ಕಟ್ಟೋಕೆ ಹುಣಸೂರಿಂದ ಇಮಾಮ್ ಸಾಬ್ ಮೇಸ್ತ್ರಿ ಬಂದ್ರು, ಜೊತೇಲಿ ಅವರ ಅಳಿಯ ಜಬ್ಬಾರ. ಇಟ್ಟಿಗೆ ನೆನೆಹಾಕೋ ತೊಟ್ಟಿ ಕೆಲಸ ನಂದು, ಈ ಮರಮ್ಮಂದು.

ಇಟ್ಟಿಗೆ ನೀರಿಗೆ ಹಾಕೋದು ಏನು ಮಹಾ ಅಂತ ಮೂಗು ಮುರೀಬ್ಯಾಡಿ. ಇಟ್ಟಿಗೆ ಮುಳುಗಿದ ಮೇಲೆ ಗುಳ್ಳೆ ಏಳ್ತಾ ಇರ್ತವೆ. ಗುಳ್ಳೆ ನಿಂತ್ರೆ ಅದರ ದಾಹ ತೀರ್ತು ಅಂತ. ಅಲ್ಲೀಗಂಟ ಈಚೆಗೆ ತೆಗೀಬಾರದು. 'ಒಣ ಇಟ್ಟಿಗೆ ಇಟ್ರೆ ಅದು ಗಾರೆ ನೀರೆಲ್ಲ ಕುಡಿದುಬುಡ್ತದೆ, ಗಾರೆ ಸುಣ್ಣದಪುಡಿ ಆಗ್ತದೆ, ಕಮಾನು ತಲೆ ಮೇಲೆ ಬೀಳ್ತದೆ' ಅಂತ ಮೇಸ್ತ್ರಿ ಮೊದಲ ದಿನವೇ ಹೇಳಿದ್ರು. ಆರು ತಿಂಗಳು ನನ್ನ ತೊಟ್ಟಿಯಿಂದ ಒಂದೂ ಒಣ ಇಟ್ಟಿಗೆ ಹೋಗಿರಲಿಲ್ಲ.

ಕಮಾನಿನ ನೆತ್ತಿ ಮುಚ್ಚೋ ದಿನ ಇಟ್ಟಿಗೆ ಗಾಡಿ ತಡವಾಗಿ ಬಂತು. ಆಗ ತಾನೇ ತೊಟ್ಟಿಗೆ ಹಾಕಿದ್ದೆ. ಮೇಲಿಂದ ಜಬ್ಬಾರ ಕೂಗಿದ, "ಏನು ಮರಮ್ಮ, ಇಟ್ಟಿಗೆಗೆ ಜೋಗುಳ ಹಾಡ್ತಾ ಕೂತಿದ್ದೀಯಾ?" ಕೂಲಿಯೋರೆಲ್ಲ ನಕ್ಕರು. ನಂಗೆ ಮೊದಲೇ ಮೂಗಿನ ತುದೀಲಿ ಕೋಪ. "ತಗೊಳ್ಳಲಾ ನಿನ್ ಇಟ್ಟಿಗೆ" ಅಂದು, ಗುಳ್ಳೆ ಇನ್ನೂ ಏಳ್ತಿರುವಾಗಲೇ ನಲವತ್ತು ಇಟ್ಟಿಗೆ ಎತ್ತಿ ಕೊಟ್ಟು ಮನೆ ದಾರಿ ಹಿಡಿದೆ.

ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಮಾರನೇ ದಿನ ಬಂದು ನೋಡಿದ್ರೆ ನೆತ್ತಿ ಮುಚ್ಚಿತ್ತು. ಯಾರೂ ಏನೂ ಅನ್ನಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಕಮಾನಿನ ಕೆಳಗೆ ಮರದ ಆಸರೆ ಇತ್ತಲ್ಲ, ಅದನ್ನ ಮೂರು ವಾರ ಬಿಟ್ಟು ತೆಗೀಬೇಕು. ತೆಗೆಯೋವಾಗ ಕಟ್ಟಿದ ಮೇಸ್ತ್ರಿ ಕಮಾನಿನ ಕೆಳಗೇ ಕೂತಿರಬೇಕು. ಅದು ಅವರ ಮನೆತನದ ಪದ್ಧತಿ. ಇಮಾಮ್ ಸಾಬರ ಅಪ್ಪನೂ ಅಂಗೇ ಕೂತಿದ್ರಂತೆ.

ಅದು ನನ್ನ ಕಿವಿಗೆ ಬಿದ್ದಿದ್ದು ನೆತ್ತಿ ಮುಚ್ಚಿದ ಮೇಲೆ. ಹೇಳಿದ್ರೆ ಕೆಲಸ ಹೋಗ್ತದೆ, ಮಾನ ಹೋಗ್ತದೆ. ಹೇಳದಿದ್ರೆ ಆ ಮುದುಕನ ಜೀವ. ನಾಳೆ ಹೇಳಾನ, ನಾಳೆ ಹೇಳಾನ ಅಂತ ಮೂರು ವಾರ ದೂಡಿದೆ.

ಆಸರೆ ತೆಗೆಯೋ ಬೆಳಗ್ಗೆ ಬಂತು. ಮೇಸ್ತ್ರಿ ಹಳ್ಳದಲ್ಲಿ ಕೈಕಾಲು ತೊಳ್ಕೊಂಡು ಕಮಾನಿನ ಕಡೆ ಹೊಂಟ್ರು. ನಾನು ಅಡ್ಡ ನಿಂತೆ.

"ಸಾಬ್ರೇ, ಕೂರಬ್ಯಾಡಿ. ನೆತ್ತೀಲಿ ನಲವತ್ತು ಇಟ್ಟಿಗೆ ನೆನೆದಿಲ್ಲ. ನಂದೇ ತಪ್ಪು."

ಅವರು ನನ್ನ ಮುಖಾನೇ ನೋಡಿದ್ರು. ಬೈಯಲಿಲ್ಲ.

"ಇವತ್ತು ತೆಗೀಲೇಬೇಕಮ್ಮ. ನಾನು ಕೂರಲೇಬೇಕು" ಅಂದ್ರು.

"ಅಂಗಾದ್ರೆ ನಾನೂ ಕೂರ್ತೀನಿ."

ಯಾಕೆ ಅಂದೆನೋ ಗೊತ್ತಿಲ್ಲ. ಅಂದಾಗಿತ್ತು. ಮೇಸ್ತ್ರಿ "ಬಾ" ಅಂದ್ರು. ಕಮಾನಿನ ಕೆಳಗೆ ಇಟ್ಟಿಗೆ ಜೋಡಿಸಿ ಮೊದಲೇ ಜಗಲಿ ಮಾಡಿಟ್ಟಿದ್ರು, ಅದರ ಮೇಲೆ ಕೂತ್ವಿ. ಜಬ್ಬಾರ ಕೊಡತಿ ತಗೊಂಡು ಆಸರೆಯ ಬೆಣೆಗಳನ್ನ ಒಂದೊಂದಾಗಿ ಹೊಡೆದು ಈಚೆಗೆ ತೆಗೆದ. ಮರ ಕಿರುಗುಟ್ಟಿತು. ಭಯ ಆಯ್ತು, ಸುಳ್ಳು ಯಾಕೆ ಹೇಳಲಿ. ಊರದೇವತೆ ಮಾರಮ್ಮನ್ನ ನೆನೆದು ಕಣ್ಣು ಮುಚ್ಕೊಂಡೆ. ಪಕ್ಕದಲ್ಲಿ ಸಾಬ್ರು ಅವರ ದೇವರನ್ನ ನೆನೀತಿದ್ರು.

ಆಸರೆ ಪೂರ್ತಿ ಇಳೀತು. ಕಮಾನು ಅಲುಗಲಿಲ್ಲ, ಒಂದು ಚೂರು ಗಾರೆಯೂ ಉದುರಲಿಲ್ಲ.

"ಆ ಇಟ್ಟಿಗೆ ಕೈಗೆ ಬಂದಾಗಲೇ ಗೊತ್ತಾಯ್ತಮ್ಮ" ಅಂದ್ರು ಮೇಸ್ತ್ರಿ. "ಗಾರೆ ನೀರನ್ನ ಹಂಗೇ ಹೀರ್ಕೊಂತು. ಇಟ್ಟಷ್ಟನ್ನೂ ಕಿತ್ತೆ. ಬೇರೆ ನಲವತ್ತನ್ನ ಜಬ್ಬಾರನ ಕೈಲೇ ನೆನೆಹಾಕಿಸಿದೆ, ರೇಗಿಸಿದ್ದು ಅವನಲ್ವಾ. ಬೆಳಗ್ಗೆ ನೀನು ಬರೋದ್ರೊಳಗೆ ನೆತ್ತಿ ಮುಚ್ಚಿದ್ವಿ."

ನಂಗೆ ರೇಗಿಹೋಯ್ತು. "ಮೂರು ವಾರ ನನ್ನ ಜೀವ ತಿಂದ್ರಲ್ಲ ಸಾಬ್ರೇ. ಒಂದು ಮಾತು ಹೇಳಬಾರದಾಗಿತ್ತಾ?"

"ನೀನೂ ಹೇಳಬಹುದಾಗಿತ್ತಲ್ಲ. ಹೇಳ್ತೀಯೋ ಇಲ್ವೋ ಅಂತ ಕಾಯ್ತಿದ್ದೆ. ಮುಂದಿನ ಕಮಾನಿಗೆ ತೊಟ್ಟಿ ಯಾರ ಕೈಗೆ ಕೊಡಬೇಕು ಅಂತ ಗೊತ್ತಾಗಬೇಕಿತ್ತು."

"ಮತ್ತೆ ಆ ಇಟ್ಟಿಗೆ ಎಲ್ಲಿ?"

"ನೀನು ಕೂತಿರೋದೇ ಅದರ ಮೇಲೆ."

ಎದ್ದು ನೋಡಿದೆ. ಇಟ್ಟಿಗೆಗೆ ಮೆತ್ತಿದ್ದ ಗಾರೇನ ಹೆಬ್ಬೆಟ್ಟಲ್ಲಿ ಒರೆಸಿದ್ರೆ ರಾಗಿಹಿಟ್ಟಿನಂಗೆ ಉದುರಿಹೋಯ್ತು. ಅಳು ಬಂತು, ತಡೀಲಿಲ್ಲ. ಸಾಬ್ರು ಆ ಕಡೆ ತಿರುಗಿ ಬೀಡಿ ಹಚ್ಚಿದ್ರು.

ಆಮೇಲೆ ಅಷ್ಟೂ ಇಟ್ಟಿಗೇನ ಉಜ್ಜಿ ಉಜ್ಜಿ ತೊಳೆದು, ಮುಂದಿನ ಕಮಾನಿಗೆ ಅಂತ ತೊಟ್ಟಿಗೆ ಹಾಕಿದೆ. ಜಬ್ಬಾರ ಊಟಕ್ಕೆ ಕರೆದ. ನೀವೆಲ್ಲ ಉಣ್ಣೋಗಿ ಅಂದು, ಕೊನೇ ಗುಳ್ಳೆ ನಿಲ್ಲೋವರೆಗೂ ಅಲ್ಲೇ ಕೂತಿದ್ದೆ.